ಹಂಸಪಂಕ್ತಿ: ಬೌದ್ಧ ಮತ್ತು ಹಿಂದೂ ಶಿಲ್ಪದಲ್ಲಿ ಒಂದು ಪಕ್ಷಿಯ ಸ್ಥಾನ

ಭಾರತೀಯ ದೇವಾಲಯಗಳಲ್ಲಿಯೂ ಬೌದ್ಧ ಸ್ತೂಪವಿಹಾರಗಳಲ್ಲಿಯೂ ಪೂಜ್ಯಭಾವದಿಂದ ಕಡೆಯಲ್ಪಟ್ಟ ಪಕ್ಷಿರೂಪಗಳು ಹಲವು. ಅವುಗಳಲ್ಲಿ ಗರುಡ ಮತ್ತು ಗಂಡಭೇರುಂಡಗಳು ವಿದ್ವಾಂಸರ ಗಮನವನ್ನು ಹೆಚ್ಚಾಗಿ ಸೆಳೆದಿವೆ. ಇದು ಸಹಜವೇ ಸರಿ. ಈ ಎರಡು ಪಕ್ಷಿಗಳೂ ಸಾಮಾನ್ಯವಾಗಿ ಒಂಟಿಯಾಗಿ, ಎದ್ದು ಕಾಣುವ ಎಡೆಯಲ್ಲಿ ನಿಲ್ಲತಕ್ಕವು. ವಿದಿಶೆಯ ಬಳಿಯ ಬೆಸನಗರದಲ್ಲಿ ಕ್ರಿ. ಪೂ. ೨ನೆಯ ಶತಮಾನದಲ್ಲಿ ಯವನ ರಾಯಭಾರಿಯಾದ ಹೆಲಿಯೊಡೋರಸನು ವಾಸುದೇವನಿಗಾಗಿ ಎತ್ತಿಸಿದ ಕಂಬವನ್ನು ಅದರ ಶಾಸನವೇ ಗರುಡಧ್ವಜವೆಂದು ಕರೆಯುತ್ತದೆ. ನಮ್ಮ ಬಳ್ಳಿಗಾವೆಯಲ್ಲಿ ೧೦೪೭ರಲ್ಲಿ ಚಾವುಂಡರಾಯನು ನಿಲ್ಲಿಸಿದ ಕಂಬದ ನೆತ್ತಿಯಲ್ಲಿ ಮನುಷ್ಯದೇಹವೂ ಎರಡು ಪಕ್ಷಿಶಿರಗಳೂ ಉಳ್ಳ ಗಂಡಭೇರುಂಡವಿದೆ. ಇಂಥ ಪ್ರತಿಮೆಯ ಅರ್ಥವೇನೆಂದು ನೋಡುವವನು ತಾನಾಗಿಯೇ ಕೇಳುತ್ತಾನೆ.

ಹಂಸದ ವಿಷಯ ಹಾಗಲ್ಲ. ಬ್ರಹ್ಮನ ಮತ್ತು ಸರಸ್ವತಿಯ ವಾಹನವಾಗಿ ಅದು ಒಂಟಿಯಾಗಿ ಕಾಣಿಸಿಕೊಳ್ಳುವುದುಂಟು. ಆದರೆ ಶಿಲ್ಪದಲ್ಲಿ ಅದು ಬಹುಮಟ್ಟಿಗೆ ಸಾಲುಸಾಲಾಗಿ, ಪಟ್ಟಿಕೆಯೊಂದರಲ್ಲಿ, ಒಂದರ ಹಿಂದೆ ಒಂದಾಗಿ ಬರುತ್ತದೆ. ಪಟ್ಟಿಕೆಯಲ್ಲಿ ಬಂದುದನ್ನು ಅಲಂಕಾರವೆಂದು ಹೇಳಿ ಮುಂದೆ ಸಾಗುವುದು ವಾಡಿಕೆಯಾಗಿದೆ. ದೇವಾಲಯವರ್ಣನೆಗಳಲ್ಲಿ ‘ಮೇಲೆ ಹಂಸಗಳ ಸಾಲು ಇದೆ’ ಎಂಬ ಒಂದು ವಾಕ್ಯಕ್ಕಿಂತ ಹೆಚ್ಚಿನದು ದೊರೆಯುವುದು ಅಪೂರ್ವ. ಈ ಲೇಖನದಲ್ಲಿ ಎರಡು ಪ್ರಶ್ನೆಗಳನ್ನು ವಿಚಾರಿಸಲಾಗಿದೆ. ಶಿಲ್ಪದ ಹಂಸ ಯಾವ ಪಕ್ಷಿ? ಅದರ ಪಂಕ್ತಿಗೆ ಕಟ್ಟಡದಲ್ಲಿ ದೊರೆತಿರುವ ಸ್ಥಾನ ಆಕಸ್ಮಿಕವೇ, ಸಾಭಿಪ್ರಾಯವೇ? ಮೊದಲನೆಯ ಪ್ರಶ್ನೆಗೆ ಸರಿಯಾದ ಉತ್ತರ ದೊರೆತ ಹೊರತು ಎರಡನೆಯದು ಸ್ಪಷ್ಟವಾಗಲಾರದು.

೧. ಪಕ್ಷಿಯ ಗುರುತು

ಇಂದು ಹಂಸವೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಹಾಲಿನಂತೆ ಬೆಳ್ಳಗಿರುವ, ನೀಳವಾಗಿ ಬಾಗಿದ ಕೊರಳಿನ ನೀರುಹಕ್ಕಿ. ಇದು ಇಂಗ್ಲಿಷಿನವರು ‘ಸ್ವಾನ್’ ಎನ್ನುವ ಪಕ್ಷಿಯ ರೂಪ. ರಾಜಾ ರವಿವರ್ಮನು ೧೮೯೯ರಲ್ಲಿ ರಚಿಸಿದ ಹಂಸ-ದಮಯಂತಿಯ ಚಿತ್ರದಲ್ಲಿರುವುದೂ ಇದೇ ರೂಪ. ಅದರ ಮುದ್ರಿತ ಪ್ರತಿಗಳು ಮನೆಮನೆಗಳ ಗೋಡೆಗಳನ್ನು ಸೇರಿದುದರಿಂದ ಈ ಕಲ್ಪನೆ ಜನಮನದಲ್ಲಿ ಬಲವಾಗಿ ನೆಲೆಸಿತು. ಆದರೆ ಸ್ವಾನ್ ಜಾತಿಯ ಹಕ್ಕಿಗಳು ನಮ್ಮ ದೇಶದಲ್ಲಿ ನೆಲೆಸಿದವಲ್ಲ. ಕಡು ಚಳಿಗಾಲದಲ್ಲಿ ವಾಯವ್ಯದ ಎಲ್ಲೆಯ ಕಡೆ ಎಂದೋ ಒಮ್ಮೆ ಬಂದು ಹೋಗುವ ಅತಿಥಿಗಳವು. ದಕ್ಷಿಣದ ಶಿಲ್ಪಿಗೆ ಅವುಗಳ ಪರಿಚಯವಿರುವ ಸಂಭವವಿಲ್ಲ.

ಹೆಬ್ಬಾತುಗಳ ವಿಷಯ ಬೇರೆ. ಬೂದು ಹೆಬ್ಬಾತು ಉತ್ತರಭಾರತಕ್ಕೆ ಚಳಿಗಾಲದಲ್ಲಿ ತಪ್ಪದೆ ಬರುತ್ತದೆ. ಪಟ್ಟೆತಲೆಯ ಹೆಬ್ಬಾತು ಇನ್ನೂ ದಕ್ಷಿಣಕ್ಕೆ, ಕರ್ನಾಟಕದ ಕೆರೆಗಳವರೆಗೂ ಬರುತ್ತದೆ. ಇದರ ಮೈ ತೆಳುಬೂದಿಯ ಬಣ್ಣ, ತಲೆ ಬಿಳಿದು, ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆಗಳು. ಕೊಕ್ಕು ಮತ್ತು ಕಾಲುಗಳು ಕಿತ್ತಳೆ-ಹಳದಿ. ಭಾಷಾಶಾಸ್ತ್ರವೂ ಈ ಕಡೆಗೇ ಕೈದೋರುತ್ತದೆ. ಸಂಸ್ಕೃತದ ‘ಹಂಸ’, ಲ್ಯಾಟಿನ್ನಿನ ‘ಆನ್ಸರ್’, ಜರ್ಮನಿನ ‘ಗಾನ್ಸ್’, ಇಂಗ್ಲಿಷಿನ ‘ಗೂಸ್’ ಇವೆಲ್ಲ ಒಂದೇ ಮೂಲದಿಂದ ಒಡೆದು ಬಂದ ಶಬ್ದಗಳು. ಇವುಗಳಲ್ಲಿ ಐರೋಪ್ಯ ಶಬ್ದಗಳೆಲ್ಲವೂ ಹೆಬ್ಬಾತನ್ನೇ ಸೂಚಿಸುತ್ತವೆ. ಡಚ್ ವಿದ್ವಾಂಸರಾದ ಜೆ. ಪಿ. ಫೋಗೆಲ್ ಅವರು ೧೯೬೨ರಲ್ಲಿ ಲೈಡನ್ನಿನಿಂದ ಪ್ರಕಟವಾದ ತಮ್ಮ ಗ್ರಂಥದಲ್ಲಿ ಸಾಹಿತ್ಯ ಮತ್ತು ಶಿಲ್ಪಗಳೆರಡನ್ನೂ ಪರಿಶೀಲಿಸಿ, ಭಾರತೀಯರ ಹಂಸ ಮೂಲತಃ ಹೆಬ್ಬಾತೇ ಎಂದು ನಿರ್ಣಯಿಸಿದರು.

ಈ ನಿರ್ಣಯಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಅಮರಕೋಶವು ಬಿಳಿಯ ಮೈಯೂ ಕೆಂಪು ಕೊಕ್ಕು-ಕಾಲುಗಳೂ ಉಳ್ಳುದನ್ನು ರಾಜಹಂಸವೆಂದೂ, ಬೇರೆ ಬಣ್ಣಗಳ ಕೊಕ್ಕು-ಕಾಲುಗಳುಳ್ಳವನ್ನು ಮಲ್ಲಿಕಾಕ್ಷ, ಧಾರ್ತರಾಷ್ಟ್ರವೆಂದೂ ವಿಂಗಡಿಸುತ್ತದೆ. ಆದುದರಿಂದ ಹಂಸವೆಂಬುದು ಒಂದೇ ಜಾತಿಯ ಹೆಸರಾಗಿರದೆ ಒಂದು ಬಳಗದ ಹೆಸರಾಗಿದ್ದಿತೆಂದು ತಿಳಿಯಬೇಕು. ಸಂಸ್ಕೃತ ಸಾಹಿತ್ಯದ ಪಕ್ಷಿಗಳನ್ನು ಕುರಿತು ಬರೆದ ಕೆ. ಎನ್. ದವೆ ಅವರು ಸ್ವಾನ್ ಜಾತಿಯೂ ಈ ಬಳಗಕ್ಕೆ ಸೇರಿದ್ದಿತೆಂದು ವಾದಿಸಿದ್ದಾರೆ. ಕನ್ನಡದಲ್ಲಿ ಇತ್ತೀಚೆಗೆ ಫ್ಲೆಮಿಂಗೊ ಪಕ್ಷಿಯನ್ನು ರಾಜಹಂಸವೆಂದು ಕರೆಯುವ ರೂಢಿಯೂ ಬಂದಿದೆ. ಶಬ್ದದ ವ್ಯಾಪ್ತಿ ಎಷ್ಟೇ ಇರಲಿ, ಶಿಲ್ಪದ ಸಾಕ್ಷ್ಯ ಮಾತ್ರ ನಿಸ್ಸಂದಿಗ್ಧವಾದುದು. ಪ್ರಾಚೀನ ಪಟ್ಟಿಕೆಗಳಲ್ಲಿ ಕಾಣುವ ಹಂಸ ತುಂಬು ಮೈಯದು, ಗಿಡ್ಡ ಕೊರಳಿನದು, ನೆಲದ ಮೇಲೆ ಸರಾಗವಾಗಿ ನಡೆಯತಕ್ಕದು. ಸ್ವಾನ್ ನೆಲದ ಮೇಲೆ ಕಷ್ಟದಿಂದ ಅಡಿಯಿಡುತ್ತದೆ. ಹೆಬ್ಬಾತು ಹೊಲದಲ್ಲಿ ನಡೆದಾಡುತ್ತ ಮೇಯುತ್ತದೆ. ‘ಹಂಸಗಮನೆ’ ಎಂಬ ಉಪಮೆ ಹುಟ್ಟಿದುದು ಈ ನಡೆಯನ್ನು ಕಂಡೇ ಇರಬೇಕು.

ಹಳಗನ್ನಡದಲ್ಲಿ ಹಂಸಕ್ಕೆ ‘ಅಂಚೆ’ ಎಂಬ ತದ್ಭವರೂಪವಿದೆ. ಹಂಸಗಳ ಹಿಂಡಿಗೆ ‘ಅಂಚೆವಿಂಡು’ ಎಂದು ಹೆಸರು. ಇಂದಿನ ಆಡುಮಾತಿನಲ್ಲಿ ಅಂಚೆಯೆಂದರೆ ಟಪಾಲೇ ಆಗಿ ಹಕ್ಕಿಯ ನೆನಪು ಅಳಿದಿದೆ. ‘ವಿಂಡು’ ಎಂಬ ಉತ್ತರಪದ ಇಲ್ಲಿ ಗಮನಾರ್ಹವಾದುದು. ಹಂಸವನ್ನು ನೆನೆಯುವಾಗ ಹಿಂಡನ್ನೇ ನೆನೆಯುವುದು ನಮ್ಮ ಹಿರಿಯರ ರೂಢಿಯಾಗಿತ್ತು.

೨. ಪಯಣ ಮತ್ತು ಪಂಕ್ತಿ

ಹೆಬ್ಬಾತಿನ ಜೀವನದಲ್ಲಿ ಎರಡು ಸಂಗತಿಗಳು ಪ್ರಾಚೀನರ ಮನಸ್ಸನ್ನು ಸೆಳೆದವು. ಮೊದಲನೆಯದು ಸಾಲುಗಟ್ಟಿ ಹಾರುವ ಅದರ ಸ್ವಭಾವ. ಹಂಸಗಳು ಶ್ರೇಣಿಯಾಗಿ ಸಾಗುವ ಹೋಲಿಕೆ ಋಗ್ವೇದದಲ್ಲಿಯೇ ಬಂದಿದೆ. ಎರಡನೆಯದು ಅದರ ವಲಸೆ. ಪಟ್ಟೆತಲೆಯ ಹೆಬ್ಬಾತುಗಳು ಬೇಸಗೆಯಲ್ಲಿ ಟಿಬೆಟ್, ಲಡಾಖ್, ಮಂಗೋಲಿಯಗಳ ಎತ್ತರದ ಸರೋವರಗಳ ದಡದಲ್ಲಿ ಮರಿಮಾಡಿ, ಚಳಿಗಾಲಕ್ಕೆ ಹಿಮಾಲಯವನ್ನು ದಾಟಿ ಭಾರತಕ್ಕೆ ಇಳಿಯುತ್ತವೆ. ಹಕ್ಕಿಗಳ ಮೈಗೆ ಉಪಕರಣಗಳನ್ನು ಕಟ್ಟಿ ನಡೆಸಿದ ಈಚಿನ ಪರಿಶೀಲನೆಗಳಲ್ಲಿ, ಸಮುದ್ರಮಟ್ಟದಿಂದ ೭,೦೦೦ ಮೀಟರುಗಳಿಗೂ ಮಿಗಿಲಾದ ಎತ್ತರದಲ್ಲಿ ಇವು ಹಾರಿದುದು ದಾಖಲಾಗಿದೆ.

ಕಾಳಿದಾಸನ ಮೇಘದೂತದಲ್ಲಿ ಮಾನಸಸರೋವರಕ್ಕೆ ಹಂಬಲಿಸುವ ರಾಜಹಂಸಗಳು ಕಮಲದ ಎಳೆದಂಟನ್ನು ದಾರಿಯ ಬುತ್ತಿಯಾಗಿ ಹಿಡಿದು ಕೈಲಾಸದವರೆಗೆ ಮೇಘಕ್ಕೆ ಜೊತೆಯಾಗುತ್ತವೆ. ಕ್ರೌಂಚಪರ್ವತದ ಕಣಿವೆಯನ್ನು ಕವಿ ಹಂಸದ್ವಾರವೆಂದು ಕರೆದಿದ್ದಾನೆ. ಹಕ್ಕಿಗಳು ವಾಸ್ತವವಾಗಿ ಮಳೆಗಾಲಕ್ಕೆ ಬಹಳ ಮುಂಚೆಯೇ, ವಸಂತದ ವೇಳೆಗೆ ಉತ್ತರಕ್ಕೆ ಹೊರಡುತ್ತವೆ. ಕವಿಸಮಯವು ಈ ಪಯಣವನ್ನು ಮಳೆಗಾಲದ ಮೊದಲಿಗೆ ಒಯ್ದಿತು. ಕಾಲದಲ್ಲಿ ವ್ಯತ್ಯಾಸವಿದ್ದರೂ ದಿಕ್ಕಿನಲ್ಲಿ ವ್ಯತ್ಯಾಸವಿಲ್ಲ. ಬಯಲಿನ ಕೊಳಗಳನ್ನು ಬಿಟ್ಟು, ಯಾರ ಕಣ್ಣಿಗೂ ಕಾಣದ ಹಿಮದಾಚೆಯ ನಾಡಿಗೆ ಹೋಗುವ ಹಕ್ಕಿ ಇದೆಂಬ ತಿಳಿವಳಿಕೆ ಸರಿಯಾದುದೇ ಆಗಿತ್ತು.

ಈ ತಿಳಿವಳಿಕೆಯಿಂದ ವೈರಾಗ್ಯದ ಪ್ರತೀಕ ಹುಟ್ಟುವುದು ಸುಲಭ. ಧಮ್ಮಪದದಲ್ಲಿ, ಮನೆಯನ್ನು ತೊರೆದು ಹೊರಡುವ ಸಾಧಕರಿಗೆ ಕೊಳವನ್ನು ತೊರೆವ ಹಂಸಗಳು ಉಪಮಾನವಾಗಿವೆ. ವೈದಿಕ ಪರಂಪರೆಯಲ್ಲಿ ಪರಮಹಂಸನೆಂಬುದು ಸಂನ್ಯಾಸಿಗಳಲ್ಲಿ ಅತ್ಯುನ್ನತನಾದವನ ಹೆಸರು. ಹಾಲುನೀರುಗಳನ್ನು ಬೇರ್ಪಡಿಸುವ ವಿವೇಕವೂ ಹಂಸಕ್ಕೆ ಆರೋಪಿತವಾಗಿದೆ. ಆದರೆ ಇದು ಕವಿಕಲ್ಪಿತವಾದ ಗುಣ. ವಲಸೆ ಕಣ್ಣಿಗೆ ಕಂಡ ಸತ್ಯ. ಬೌದ್ಧರೂ ವೈದಿಕರೂ ಹಂಸವನ್ನು ಗೌರವಿಸಲು ಒಬ್ಬರಿಂದೊಬ್ಬರು ಎರವಲು ಪಡೆಯಬೇಕಾದ ಅಗತ್ಯವೇ ಇರಲಿಲ್ಲ. ಇಬ್ಬರೂ ಒಂದೇ ಆಕಾಶವನ್ನು ನೋಡುತ್ತಿದ್ದರು.

೩. ಬೌದ್ಧ ಶಿಲ್ಪದಲ್ಲಿ

ಶಿಲೆಯಲ್ಲಿ ಹಂಸಪಂಕ್ತಿಯ ಪ್ರಾಚೀನ ನಿದರ್ಶನಗಳು ಅಶೋಕನ ಕಾಲದವು, ಎಂದರೆ ಕ್ರಿ. ಪೂ. ೩ನೆಯ ಶತಮಾನದವು. ಬಿಹಾರದ ಲೌರಿಯಾ ನಂದನಗಢದಲ್ಲಿ ಇಂದಿಗೂ ನಿಂತಿರುವ ಸ್ತಂಭದ ನೆತ್ತಿಯಲ್ಲಿ ಒಂದು ಸಿಂಹವಿದೆ. ಅದರ ಪಾದದಡಿಯ ದುಂಡುಫಲಕದ ಸುತ್ತಲೂ ಹಂಸಗಳು ತಲೆತಗ್ಗಿಸಿ ಮೇಯುತ್ತ ಸಾಗುತ್ತವೆ. ಸಾಂಚಿಯ ಅಶೋಕಸ್ತಂಭದಲ್ಲಿ ನಾಲ್ಕು ಸಿಂಹಗಳ ಕೆಳಗಿನ ಫಲಕದಲ್ಲಿ ಹಂಸಗಳು ಜೋಡಿಜೋಡಿಯಾಗಿವೆ. ಇವು ಬುದ್ಧನ ಶಿಷ್ಯಸಮೂಹವನ್ನು ಸೂಚಿಸುತ್ತಿರಬಹುದೆಂಬ ಅಭಿಪ್ರಾಯ ಹಳೆಯದು. ಸಂಘವೆಂಬ ಶಬ್ದದ ಅರ್ಥವನ್ನು ನೆನೆದರೆ ಈ ಊಹೆ ಅಸಂಗತವೆನ್ನಿಸುವುದಿಲ್ಲ.

ಹಂಸವು ಅಸ್ಥಿಧಾತುಗಳ ಪಾತ್ರೆಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ತಕ್ಷಶಿಲೆಯ ಬಳಿಯ ಸ್ತೂಪವೊಂದರಲ್ಲಿ ದೊರೆತು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಧಾತುಪಾತ್ರೆಯನ್ನು ಸ್ಫಟಿಕದ ಹಂಸದ ಆಕಾರದಲ್ಲಿಯೇ ಕಡೆಯಲಾಗಿದೆ. ಪೇಷಾವರದ ಹೊರವಲಯದ ಷಾಜೀಕಿ ಢೇರಿಯಲ್ಲಿ ೧೯೦೮-೦೯ರ ಉತ್ಖನನದಲ್ಲಿ ದೊರೆತ ಕನಿಷ್ಕನ ಹೆಸರಿನ ಕರಂಡಕದ ಮುಚ್ಚಳದ ಮೇಲೆ ಬುದ್ಧನೂ ಇಕ್ಕೆಲಗಳಲ್ಲಿ ಬ್ರಹ್ಮ ಮತ್ತು ಇಂದ್ರರೂ ಇದ್ದಾರೆ. ಮುಚ್ಚಳದ ಅಂಚಿನ ಸುತ್ತ ಹಂಸಗಳು ರೆಕ್ಕೆಬಿಚ್ಚಿ ಹಾರುತ್ತಿವೆ. ದೇಹದ ಅವಶೇಷವನ್ನು ಒಳಗಿರಿಸಿಕೊಂಡ ಪೆಟ್ಟಿಗೆಗೆ ಹಾರಿಹೋಗುವ ಪಕ್ಷಿಗಿಂತ ಉಚಿತವಾದ ಚಿಹ್ನೆಯನ್ನು ಊಹಿಸುವುದು ಕಷ್ಟ.

ಜಾತಕಕಥೆಗಳಲ್ಲಿ ಬೋಧಿಸತ್ವನು ಹಂಸರಾಜ ಧೃತರಾಷ್ಟ್ರನಾಗಿ ಜನಿಸಿದ ವೃತ್ತಾಂತವಿದೆ. ಬೇಡನ ಉರುಲಿಗೆ ಸಿಕ್ಕಿದ ರಾಜನನ್ನು ಬಿಟ್ಟು ಹಿಂಡೆಲ್ಲ ಹಾರಿಹೋದರೂ ಸೇನಾಪತಿಯಾದ ಸುಮುಖನು ಅವನ ಬಳಿಯಲ್ಲಿಯೇ ನಿಲ್ಲುತ್ತಾನೆ. ಆ ನಿಷ್ಠೆಗೆ ಬೇಡನ ಮನಸ್ಸೇ ಕರಗುತ್ತದೆ. ಸುಮುಖನೇ ಮುಂದೆ ಆನಂದನಾದನೆಂದು ಕಥೆ ಮುಗಿಯುತ್ತದೆ. ಅಜಂತೆಯ ೧೭ನೆಯ ಗುಹೆಯ ಭಿತ್ತಿಯಲ್ಲಿ ಈ ಪ್ರಸಂಗವನ್ನು ಚಿತ್ರಿಸಲಾಗಿದೆ. ೨ನೆಯ ಗುಹೆಯ ಚಾವಣಿಯಲ್ಲಿ ಹಂಸಗಳು ಅಲಂಕಾರಪಟ್ಟಿಯಾಗಿ ಬಂದಿದ್ದರೂ ಒಂದರ ಭಂಗಿ ಇನ್ನೊಂದಕ್ಕಿಲ್ಲ. ಬದುಕಿದ ಹಕ್ಕಿಯನ್ನು ಬಹುಕಾಲ ನೋಡಿದ ಕೈಗೆ ಮಾತ್ರ ಇದು ಸಾಧ್ಯ.

ಸಿಂಹಳದ ಅನುರಾಧಪುರದಲ್ಲಿ ಸೋಪಾನಗಳ ಬುಡದಲ್ಲಿರುವ ಚಂದ್ರಶಿಲೆಗಳು ನಮ್ಮ ವಿಷಯಕ್ಕೆ ಅತ್ಯಂತ ಮಹತ್ವದವು. ಅರ್ಧಚಂದ್ರಾಕಾರದ ಈ ಕಲ್ಲುಗಳಲ್ಲಿ ಹೊರಗಿನಿಂದ ಒಳಕ್ಕೆ ಮೊದಲು ಜ್ವಾಲೆಗಳ ಪಟ್ಟಿ, ಅನಂತರ ಆನೆ, ಕುದುರೆ, ಸಿಂಹ, ಎತ್ತುಗಳ ಪಟ್ಟಿ, ಅನಂತರ ಬಳ್ಳಿ, ಅದರೊಳಗೆ ಕೊಕ್ಕಿನಲ್ಲಿ ಹೂದಂಟನ್ನು ಹಿಡಿದ ಹಂಸಗಳ ಸಾಲು, ನಟ್ಟನಡುವೆ ಅರ್ಧ ಕಮಲ. ಸಿಂಹಳದ ಪುರಾತತ್ವಜ್ಞರಾದ ಸೇನಾರತ್ ಪರಣವಿತಾನರು ಇದನ್ನು ಸಂಸಾರದಿಂದ ನಿರ್ವಾಣದೆಡೆಗಿನ ಹಾದಿಯೆಂದು ವ್ಯಾಖ್ಯಾನಿಸಿದರು. ಈ ವ್ಯಾಖ್ಯಾನದಲ್ಲಿ ಬಳ್ಳಿ ತೃಷ್ಣೆಯಾದರೆ, ಅದನ್ನು ದಾಟಿದ ಹಂಸಗಳು ಮನೆ ತೊರೆದ ಸಾಧಕರು. ಈ ವಿವರಣೆಯನ್ನು ಪೂರ್ಣವಾಗಿ ಒಪ್ಪದವರೂ ಒಂದು ಸಂಗತಿಯನ್ನು ಅಲ್ಲಗಳೆಯಲಾರರು: ಕಮಲಕ್ಕೆ ಮುಂಚೆ ಬರುವ ಕೊನೆಯ ಜೀವಿ ಹಂಸ.

ಬರ್ಮಾ ದೇಶದಲ್ಲಿ ಹಂಸಕ್ಕೆ ‘ಹಿಂಥ’ ಎಂದು ಹೆಸರು. ಪೆಗು ಪಟ್ಟಣದ ಪ್ರಾಚೀನ ನಾಮ ಹಂಸವತಿ. ಸಮುದ್ರದಿಂದ ಆಗತಾನೆ ಎದ್ದ ಸಣ್ಣ ದಿಣ್ಣೆಯ ಮೇಲೆ ಎಡೆ ಸಾಲದೆ ಹೆಣ್ಣುಹಂಸವು ಗಂಡಿನ ಬೆನ್ನೇರಿ ಕುಳಿತುದೆಂದು ಆ ನಗರದ ಉತ್ಪತ್ತಿಕಥೆ ಹೇಳುತ್ತದೆ. ಅಲ್ಲಿನ ವಿಹಾರಗಳ ಮುಂದೆ ನಿಲ್ಲಿಸುವ ಎತ್ತರದ ಧ್ವಜಸ್ತಂಭಗಳ ತುದಿಯಲ್ಲಿ ಹಂಸದ ಪ್ರತಿಮೆಯನ್ನು ಇಡುವ ಪದ್ಧತಿ ಈಗಲೂ ನಡೆದುಬಂದಿದೆ.

೪. ಹಿಂದೂ ದೇವಾಲಯದಲ್ಲಿ

ಹಿಂದೂ ಶಿಲ್ಪದಲ್ಲಿ ಹಂಸಕ್ಕೆ ವಾಹನದ ಪದವಿಯುಂಟು. ಬಾದಾಮಿಯ ೩ನೆಯ ಗುಹೆ ೫೭೮ರಲ್ಲಿ ಮಂಗಲೇಶನಿಂದ ಪೂರ್ಣವಾದುದು. ಅದರ ಚಾವಣಿಯಲ್ಲಿ ಹಂಸಾರೂಢನಾದ ಬ್ರಹ್ಮನಿದ್ದಾನೆ. ವಿಷ್ಣುಧರ್ಮೋತ್ತರಪುರಾಣವು ವರುಣನ ರಥಕ್ಕೆ ಏಳು ಹಂಸಗಳನ್ನು ಹೂಡಿದೆ. ಲಿಂಗೋದ್ಭವಶಿಲ್ಪದಲ್ಲಿ ಹಂಸದ ಪಾತ್ರ ಇನ್ನೂ ಅರ್ಥಪೂರ್ಣವಾದುದು. ಅನಂತವಾದ ಜ್ಯೋತಿಸ್ತಂಭದ ಬುಡವನ್ನು ಅರಸಿ ವಿಷ್ಣುವು ವರಾಹನಾಗಿ ಕೆಳಗೆ ಇಳಿಯುತ್ತಾನೆ. ತುದಿಯನ್ನು ಅರಸಿ ಬ್ರಹ್ಮನು ಹಂಸವಾಗಿ ಮೇಲಕ್ಕೆ ಹಾರುತ್ತಾನೆ. ತಮಿಳುನಾಡಿನ ಶಿವಾಲಯಗಳಲ್ಲಿ ಗರ್ಭಗೃಹದ ಪಶ್ಚಿಮಭಿತ್ತಿಯ ಕೋಷ್ಠದಲ್ಲಿ ಇದನ್ನು ವಾಡಿಕೆಯಾಗಿ ಕಾಣಬಹುದು. ಕಾಣದುದರ ಕಡೆಗೆ ಹೋಗುವ ಪಕ್ಷಿ ಎಂಬ ಭಾವನೆ ಇಲ್ಲಿಯೂ ಇದೆ. ಬ್ರಹ್ಮನಿಗೆ ತುದಿ ದೊರೆಯಲಿಲ್ಲವೆಂಬುದು ಬೇರೆ ಮಾತು.

ಪಂಕ್ತಿಯ ರೂಪದಲ್ಲಿ ಹಂಸಗಳು ಪಲ್ಲವ ಮತ್ತು ಚೋಳರ ವಿಮಾನಗಳಲ್ಲಿ ಕಪೋತದ ಕೆಳಗಿನ ವಲಭಿಯಲ್ಲಿ ಬರುತ್ತವೆ. ಅಲ್ಲಿ ಭೂತಗಣಗಳ ಸಾಲಿದ್ದರೆ ಭೂತಮಾಲೆಯೆಂದೂ ಹಂಸಗಳಿದ್ದರೆ ಹಂಸಮಾಲೆಯೆಂದೂ ಹೆಸರು. ಗೋಡೆ ಮುಗಿದು ಛಾವಣಿ ತೊಡಗುವ ಸಂಧಿ ಅದು.

ಹೊಯ್ಸಳರ ದೇವಾಲಯಗಳಲ್ಲಿ ಈ ಕ್ರಮ ಅತ್ಯಂತ ಸ್ಫುಟವಾಗಿದೆ. ಹಳೆಯಬೀಡಿನ ಹೊಯ್ಸಳೇಶ್ವರ ದೇವಾಲಯದ ತಳಭಾಗದಲ್ಲಿ ಎಂಟು ಪಟ್ಟಿಕೆಗಳಿವೆ. ಕೆಳಗಿನಿಂದ ಮೇಲಕ್ಕೆ ಆನೆ, ಸಿಂಹ, ಬಳ್ಳಿ, ಕುದುರೆಸವಾರರು, ಮತ್ತೆ ಬಳ್ಳಿ, ಪುರಾಣಕಥೆಗಳು, ಮಕರ, ಹಂಸ. ೧೩ನೆಯ ಶತಮಾನದ ಸೋಮನಾಥಪುರದ ಕೇಶವಾಲಯದಲ್ಲಿ ಆರು ಪಟ್ಟಿಕೆಗಳು: ಆನೆ, ಕುದುರೆ, ಬಳ್ಳಿ, ಕಥೆ, ಮಕರ, ಹಂಸ. ಎರಡೆಡೆಗಳಲ್ಲಿಯೂ ಮೇಲಿನ ಪಟ್ಟಿಕೆ ಹಂಸದ್ದೇ. ಗರ್ಭಗೃಹಗಳ ಹೊರಗೋಡೆಯಲ್ಲಿ ಹಂಸಪಂಕ್ತಿಯ ಮೇಲಿರುವುದು ದೇವತಾಮೂರ್ತಿಗಳ ಸಾಲು. ಆನೆಗಳು ಭಾರವನ್ನು ಹೊತ್ತಿವೆ. ಸವಾರರು ಲೋಕವ್ಯವಹಾರವನ್ನು ತೋರುತ್ತಾರೆ. ಕಥೆಗಳು ಧರ್ಮವನ್ನು ಹೇಳುತ್ತವೆ. ಮಕರ ನೀರಿನ ಜೀವಿ. ನೀರಿನಿಂದ ಮೇಲೆದ್ದು ದೇವತೆಗಳ ಪಾದದೆಡೆಗೆ ಮುಟ್ಟಬಲ್ಲುದು ನೀರು, ನೆಲ, ಆಕಾಶ ಮೂರರಲ್ಲಿಯೂ ಸಂಚರಿಸುವ ಪಕ್ಷಿಯೊಂದೇ.

ಈಗ ಹಿಂದೆ ಹೇಳಿದುದನ್ನು ಒಟ್ಟುಗೂಡಿಸಿ ನೋಡಬಹುದು. ಲೌರಿಯಾ ನಂದನಗಢದಲ್ಲಿ ಸಿಂಹದ ಪಾದಗಳಿಗೆ ಮುಂಚೆ ಹಂಸ. ಅನುರಾಧಪುರದಲ್ಲಿ ಕಮಲಕ್ಕೆ ಮುಂಚೆ ಹಂಸ. ಹಳೆಯಬೀಡಿನಲ್ಲಿ ದೇವತಾಮೂರ್ತಿಗಳಿಗೆ ಮುಂಚೆ ಹಂಸ. ಕಾಲದಲ್ಲಿ ಸುಮಾರು ಸಾವಿರದ ನಾನೂರು ವರ್ಷಗಳ ಅಂತರವಿದೆ, ಮತದಲ್ಲಿ ಭೇದವಿದೆ, ಕಟ್ಟಡದ ವಿಧಾನದಲ್ಲಿ ಭೇದವಿದೆ. ಆದರೆ ಸ್ಥಾನ ಒಂದೇ: ಲೌಕಿಕವು ಮುಗಿದು ಪೂಜ್ಯವಾದುದು ತೊಡಗುವ ಎಲ್ಲೆ. ಗರುಡನು ದೇವನಿಗೆ ಅಭಿಮುಖನಾಗಿ ನಿಲ್ಲುವ ಸೇವಕನಾದರೆ, ಹಂಸಗಳು ಆ ಎಲ್ಲೆಯನ್ನು ಸುತ್ತಿ ಸಾಗುವ ಯಾತ್ರಿಕರು.

ಇದನ್ನು ಎಲ್ಲೆಡೆಗೂ ಅನ್ವಯಿಸುವ ನಿಯಮವೆಂದು ಹೇಳಲಾಗದು. ಪೊಳೊನ್ನರುವದ ಕಾಲಕ್ಕೆ ಚಂದ್ರಶಿಲೆಯ ಕ್ರಮ ಬದಲಾಗಿ ಎತ್ತಿನ ರೂಪವೇ ಬಿಟ್ಟುಹೋಯಿತು. ಹೊಯ್ಸಳರ ಎಲ್ಲ ದೇವಾಲಯಗಳಲ್ಲಿಯೂ ಈ ಪಟ್ಟಿಕೆಗಳಿಲ್ಲ. ಸೀರೆಯ ಸೆರಗಿನಲ್ಲಿಯೂ ದೀಪದ ತುದಿಯಲ್ಲಿಯೂ ಹಂಸವು ಕೇವಲ ಮಂಗಳಚಿಹ್ನೆಯಾಗಿ ಬರುವುದುಂಟು. ಆದರೂ ಮುಖ್ಯ ನಿದರ್ಶನಗಳಲ್ಲಿ ಕಾಣುವ ಈ ಏಕರೂಪತೆಯನ್ನು ಆಕಸ್ಮಿಕವೆಂದು ತಳ್ಳಿಬಿಡುವುದು ನ್ಯಾಯವಲ್ಲ.

೫. ರೂಪದ ಬದಲಾವಣೆ

ಸ್ಥಾನವು ಸ್ಥಿರವಾಗಿ ಉಳಿದರೂ ರೂಪವು ಉಳಿಯಲಿಲ್ಲ. ಮೌರ್ಯಶಿಲ್ಪಿಯ ಹಂಸ ಹೊಲದಲ್ಲಿ ಮೇಯುವ ಹೆಬ್ಬಾತು. ಹೊಯ್ಸಳ ಶಿಲ್ಪಿಯ ಹಂಸದಲ್ಲಿ ಬಾಲವು ಸುರುಳಿಸುರುಳಿಯಾದ ಎಲೆಬಳ್ಳಿಯಾಗಿ ಮಾರ್ಪಟ್ಟಿದೆ; ಕೆಲವೆಡೆ ಅದನ್ನು ನವಿಲೆಂದು ಭ್ರಮಿಸುವಂತಿದೆ. ಹೊಸದಾಗಿ ತೆಗೆದಾಗ ಮೃದುವಾಗಿದ್ದು ಸೂಕ್ಷ್ಮ ಕೆತ್ತನೆಗೆ ಒದಗುವ ಬಳಪದ ಕಲ್ಲು ಈ ಪ್ರವೃತ್ತಿಗೆ ನೆರವಾಯಿತು. ಹೀಗಿದ್ದರೂ ತುಂಬಿದ ಎದೆ, ಗಿಡ್ಡ ಕಾಲು, ಅಗಲ ಕೊಕ್ಕು ಇವುಗಳಲ್ಲಿ ಹೆಬ್ಬಾತಿನ ಗುರುತು ಅಳಿಯದೆ ಉಳಿದಿದೆ. ಶಿಲ್ಪಿಯ ಕೈ ಸಂಪ್ರದಾಯವನ್ನು ಅನುಸರಿಸಿತು. ಆದರೆ ಆ ಸಂಪ್ರದಾಯದ ಮೂಲದಲ್ಲಿದ್ದ ಹಕ್ಕಿ ಅವನ ನಾಡಿನ ಕೆರೆಯಲ್ಲಿಯೂ ಇದ್ದಿತು.

ಈ ಮಾತು ಕೇವಲ ಊಹೆಯಲ್ಲ. ಸೋಮನಾಥಪುರವಿರುವ ಮೈಸೂರು ಜಿಲ್ಲೆಯಲ್ಲಿಯೇ ನಂಜನಗೂಡಿನ ಬಳಿಯ ಹದಿನಾರು ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲದಲ್ಲಿ ಬರುತ್ತವೆ. ಕಲ್ಯಾಣದ ಚಾಲುಕ್ಯರ ಶಿಲ್ಪಕ್ಕೆ ಹೆಸರಾದ ಲಕ್ಕುಂಡಿ, ಡಂಬಳಗಳಿರುವ ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳ ಪ್ರಸಿದ್ಧ ಬೀಡು. ಅಲ್ಲಿ ಅವು ಹಗಲು ನೀರಿನಲ್ಲಿ ವಿಶ್ರಮಿಸಿ, ಸಂಜೆಯ ಹೊತ್ತಿಗೆ ಸುತ್ತಣ ಹೊಲಗಳಿಗೆ ಸಾಲುಗಟ್ಟಿ ಮೇವಿಗೆ ಹೊರಡುತ್ತವೆ. ಈ ಕೆರೆ ೨೦೨೪ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲೆಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದಕ್ಕೂ ಮುಂಚೆ, ೨೦೨೩ರಲ್ಲಿ, ಬೇಲೂರು, ಹಳೆಯಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಕಲ್ಲಿನ ಹಂಸಕ್ಕೂ ಕೆರೆಯ ಹಂಸಕ್ಕೂ ರಕ್ಷಣೆಯ ಹೊಣೆ ಬೇರೆಬೇರೆ ಇಲಾಖೆಗಳದು. ಎರಡೂ ಒಂದೇ ಹಕ್ಕಿಯೆಂಬ ಅರಿವು ಮಾತ್ರ ಇನ್ನೂ ವ್ಯಾಪಕವಾಗಿ ಹರಡಿಲ್ಲ.

೬. ಉಪಸಂಹಾರ

ಹಕ್ಕಿಯ ಗುರುತು ತಪ್ಪಿದರೆ ನಷ್ಟವೇನೆಂದು ಕೇಳಬಹುದು. ಸ್ವಾನ್ ಪಕ್ಷಿಯ ಸೌಂದರ್ಯ ಅದರ ಒಂಟಿತನದಲ್ಲಿದೆ, ನಿಶ್ಚಲವಾದ ನೀರಿನಲ್ಲಿ ತೇಲುವ ಬೆಡಗಿನಲ್ಲಿದೆ. ಆ ರೂಪವನ್ನು ಮನಸ್ಸಿನಲ್ಲಿಟ್ಟುಕೊಂಡು ಹಳೆಯಬೀಡಿನ ಪಟ್ಟಿಕೆಯನ್ನು ನೋಡುವವನಿಗೆ ಅಲ್ಲಿರುವುದು ಅಂದವಲ್ಲದೆ ಅರ್ಥ ಕಾಣದು. ಹೆಬ್ಬಾತೆಂದು ತಿಳಿದು ನೋಡಿದರೆ ಸಾಲಿಗೂ ಅರ್ಥವುಂಟು, ನಡೆಗೂ ಅರ್ಥವುಂಟು, ಎಲ್ಲೆಯಲ್ಲಿನ ಸ್ಥಾನಕ್ಕೂ ಅರ್ಥವುಂಟು. ಈಗ ಮನೆಯ ಅಲಂಕಾರಕ್ಕೆಂದು ಎರಕಹೊಯ್ದು ಮಾರುವ ಉದ್ದಗೊರಳಿನ ಹಂಸಗಳಲ್ಲಿ ಈ ಮೂರೂ ಇಲ್ಲ. ಜೀರ್ಣೋದ್ಧಾರದ ಸಮಯದಲ್ಲಿ ಅಂಥ ರೂಪವೇ ಪ್ರಾಚೀನ ಪಟ್ಟಿಕೆಯ ಮುರಿದ ಎಡೆಗಳನ್ನು ತುಂಬಿದರೆ ಆಗುವ ಹಾನಿ ಸಣ್ಣದಲ್ಲ.

ಆದುದರಿಂದ ದೇವಾಲಯಗಳ ವರ್ಣನೆಯನ್ನು ಸಿದ್ಧಪಡಿಸುವ ವಿದ್ಯಾರ್ಥಿಗಳು ‘ಹಂಸಗಳ ಸಾಲು’ ಎಂದು ಬರೆದು ತೃಪ್ತರಾಗದೆ ನಾಲ್ಕು ಸಂಗತಿಗಳನ್ನು ದಾಖಲಿಸುವುದು ಒಳ್ಳೆಯದು: ಹಕ್ಕಿಗಳು ನಡೆಯುತ್ತಿವೆಯೇ, ಮೇಯುತ್ತಿವೆಯೇ, ಹಾರುತ್ತಿವೆಯೇ, ಕೊಕ್ಕಿನಲ್ಲಿ ಏನಿದೆ, ಮುಖ ಪ್ರದಕ್ಷಿಣೆಯ ದಿಕ್ಕಿಗಿದೆಯೇ ಇಲ್ಲವೇ, ಪಟ್ಟಿಕೆಯ ಕೆಳಗೂ ಮೇಲೂ ಏನೇನಿವೆ. ಈ ವಿವರಗಳು ಊರೂರುಗಳಿಂದ ಒಂದೆಡೆ ಸೇರಿದಾಗ, ಇಲ್ಲಿ ಮಂಡಿಸಿದ ಅಭಿಪ್ರಾಯ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪರೀಕ್ಷಿಸಲು ಸಾಧ್ಯವಾಗುವುದು.